ಒಂದೇ ಕುಲ, ಹಲವು ಮುಖ: ತೆಂಕುತಿಟ್ಟಿನ ರಾಕ್ಷಸ ವೇಷಗಳ ರೂಪಭೇದ ಮತ್ತು ಪ್ರೇಕ್ಷಕ ವಿವರಣೆ

೧. ಪ್ರಸ್ತಾವನೆ

ಯಕ್ಷಗಾನದ ವೇಷಭೂಷಣ ಮತ್ತು ಬಣ್ಣಗಾರಿಕೆಯನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಅಧ್ಯಯನಗಳು ನಡೆದಿವೆ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಡಾ. ಕೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಪ್ರಕಟವಾದುದು ೧೯೫೭ರಲ್ಲಿ. ೧೯೫೯ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಆ ಬಳಿಕ ತಿಟ್ಟುಗಳ ವೈಶಿಷ್ಟ್ಯ, ಕಿರೀಟಗಳ ಪ್ರಭೇದ, ಮುಖವರ್ಣಿಕೆಯ ಕ್ರಮ ಮೊದಲಾದವುಗಳ ದಾಖಲಾತಿ ಹಲವರಿಂದ ನಡೆದಿದೆ. ಈ ಅಧ್ಯಯನಗಳ ಲಕ್ಷ್ಯ ಬಹುತೇಕ ವೇಷದ ಮೇಲೆ, ವೇಷಧಾರಿಯ ಮೇಲೆ ನೆಟ್ಟಿದೆ. ವೇಷವನ್ನು ನೋಡುವವನು ಆ ವೇಷಕ್ಕೆ ಯಾವ ಕಾರಣವನ್ನು ಕೊಟ್ಟುಕೊಳ್ಳುತ್ತಾನೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಪ್ರಸ್ತುತ ಲೇಖನವು ಈ ಪ್ರಶ್ನೆಯ ಒಂದು ಮುಖವನ್ನು ಮಾತ್ರ ಎತ್ತಿಕೊಳ್ಳುತ್ತದೆ. ಯಕ್ಷಗಾನ ಪ್ರಸಂಗಗಳಲ್ಲಿ ರಾಕ್ಷಸರು ಒಂದು ಕುಲ. ಆದರೆ ಆ ಕುಲದವರೆಲ್ಲ ರಂಗದಲ್ಲಿ ಒಂದೇ ತೆರನಾಗಿ ಕಾಣಿಸಿಕೊಳ್ಳುವುದಿಲ್ಲ. ಪ್ರಸಂಗದಿಂದ ಪ್ರಸಂಗಕ್ಕೆ, ತಿಟ್ಟಿನಿಂದ ತಿಟ್ಟಿಗೆ, ಕಾಲದಿಂದ ಕಾಲಕ್ಕೆ, ಕೆಲವೊಮ್ಮೆ ಒಂದೇ ಇರುಳಿನ ಆಟದಲ್ಲಿಯೂ ಅವರ ರೂಪ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಕಲಾಭಿಮಾನಿಗಳು ಹೇಗೆ ವಿವರಿಸಿಕೊಳ್ಳುತ್ತಾರೆ? ಆ ವಿವರಣೆಗಳಿಗೆ ಜಾನಪದ ಅಧ್ಯಯನದಲ್ಲಿ ಯಾವ ಬೆಲೆಯಿದೆ? ಇವೆರಡು ಇಲ್ಲಿನ ವಿಚಾರ.

ಅಧ್ಯಯನದ ಭೂಮಿಕೆಯಾಗಿ ಕಬಕ ಮತ್ತು ಅದರ ಸುತ್ತಣ ಪುತ್ತೂರು, ಸುಳ್ಯ, ಕಡಬ ಪ್ರದೇಶವನ್ನು ಇಟ್ಟುಕೊಳ್ಳಲಾಗಿದೆ. ಕಬಕವು ಮಂಗಳೂರು–ಪುತ್ತೂರು ಮಾರ್ಗದಲ್ಲಿ ವಿಟ್ಲದ ದಾರಿ ಕವಲೊಡೆಯುವ ಊರು. ವಿಟ್ಲದ ಮೂಲಕ ಆ ದಾರಿ ಕಾಸರಗೋಡಿನ ಗಡಿಯತ್ತ ಸಾಗುತ್ತದೆ. ತುಳು, ಕನ್ನಡ, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ ಭಾಷೆಗಳನ್ನಾಡುವ ಜನ ಇಲ್ಲಿ ಒಟ್ಟಿಗೆ ಬಾಳುತ್ತಾರೆ. ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗಿನ ತಿರುಗಾಟದ ದಿನಗಳಲ್ಲಿ ಧರ್ಮಸ್ಥಳ, ಕಟೀಲು ಮೊದಲಾದ ಮೇಳಗಳ ಹರಕೆ ಬಯಲಾಟಗಳು ಈ ಭಾಗದಲ್ಲಿ ನಡೆಯುತ್ತವೆ. ಮಳೆಗಾಲದಲ್ಲಿ ತಾಳಮದ್ದಳೆ ಕೂಟಗಳು ನಡೆಯುತ್ತವೆ. ಹೀಗಾಗಿ ಪ್ರಸಂಗಗಳನ್ನು ಹತ್ತಾರು ಬಾರಿ ನೋಡಿ, ಕೇಳಿ ಪಳಗಿದ ಪ್ರೇಕ್ಷಕವರ್ಗವೊಂದು ಇಲ್ಲಿ ರೂಪುಗೊಂಡಿದೆ.

೨. ರೂಪಭೇದದ ಸ್ವರೂಪ

ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಗಳಿಗೆ ವಿಶಿಷ್ಟವಾದುದು ಬಣ್ಣದ ವೇಷ. ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಚಿಟ್ಟಿ, ಕೆಂಪು–ಕಪ್ಪು ವರ್ಣಗಳ ರೇಖೆಗಳು, ತಲೆಯ ಹಿಂದೆ ವೃತ್ತಾಕಾರವಾಗಿ ಹರಡಿಕೊಳ್ಳುವ ಕೇಶಾವರಿ ಕಿರೀಟ ಇವು ಅದರ ಮುಖ್ಯ ಲಕ್ಷಣಗಳು. ಚಿಟ್ಟಿ ಇಡುವುದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕಾಗುತ್ತದೆ. ಈ ವೇಷ ಕಲಾವಿದನ ಹೆಸರಿಗೇ ಅಂಟಿಕೊಳ್ಳುವಷ್ಟು ಪ್ರತಿಷ್ಠೆಯುಳ್ಳದ್ದು. ಬಣ್ಣದ ಕುಟ್ಯಪ್ಪು, ಬಣ್ಣದ ಮಹಾಲಿಂಗ ಎಂಬ ಹೆಸರುಗಳು ಇದಕ್ಕೆ ಸಾಕ್ಷಿ.

ಬಣ್ಣದ ವೇಷದೊಳಗೆ ಮತ್ತೆ ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ ಎಂಬ ಪ್ರಭೇದಗಳಿವೆ. ರಾವಣನಂತಹ ರಾಕ್ಷಸರಾಜರದು ರಾಜಬಣ್ಣ. ಕಾಡಿನಲ್ಲಿ ವಾಸಿಸುವ ಒರಟು ರಕ್ಕಸರದು ಕಾಟುಬಣ್ಣ. ತಾಟಕಿ, ಶೂರ್ಪನಖಿ, ಪೂತನಿ, ಅಜಮುಖಿ ಮೊದಲಾದವರದು ಹೆಣ್ಣುಬಣ್ಣ. ಆದರೆ ರಾಕ್ಷಸಕುಲದ ಎಲ್ಲರೂ ಈ ಚೌಕಟ್ಟಿನೊಳಗೆ ಬರುವುದಿಲ್ಲ. ರಾವಣನ ಒಡಹುಟ್ಟಿದ ವಿಭೀಷಣನು ಸೌಮ್ಯ ವೇಷದಲ್ಲಿ ಬರುತ್ತಾನೆ. ಹಿರಣ್ಯಕಶಿಪುವಿನ ಮಗ ಪ್ರಹ್ಲಾದನದು ಮೃದುವಾದ ಬಾಲವೇಷ. ದೈತ್ಯಕುಲದ ಬಲಿ ಚಕ್ರವರ್ತಿಯಲ್ಲಿಯೂ ಭೀಕರತೆಯ ಚಿಹ್ನೆಗಳಿಲ್ಲ. ಶೂರ್ಪನಖಿಯನ್ನು ಇಬ್ಬರು ಕಲಾವಿದರು ನಿರ್ವಹಿಸುತ್ತಾರೆ: ಘೋರ ಶೂರ್ಪನಖಿ ಬಣ್ಣದ ವೇಷಧಾರಿಯದು, ಮಾಯಾ ಶೂರ್ಪನಖಿ ಸ್ತ್ರೀವೇಷಧಾರಿಯದು.

‘ದೇವೀಮಹಾತ್ಮ್ಯೆ’ ಪ್ರಸಂಗವನ್ನು ಗಮನಿಸಿದರೆ ಈ ವೈವಿಧ್ಯ ಇನ್ನೂ ಸ್ಪಷ್ಟವಾಗುತ್ತದೆ. ಕೊಂಬುಳ್ಳ ಮಹಿಷಾಸುರನು ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿಯ ನಡುವೆ, ಸಭೆಯ ಮಧ್ಯದಿಂದ ಆರ್ಭಟಿಸುತ್ತ ಬರುತ್ತಾನೆ. ಅದೇ ಇರುಳು ಬರುವ ರಕ್ತಬೀಜಾಸುರನು ಸಾಮಾನ್ಯವಾಗಿ ನಾಟಕೀಯ ವೇಷದಲ್ಲಿರುತ್ತಾನೆ. ಇಬ್ಬರೂ ಅಸುರರೇ, ಇಬ್ಬರೂ ದೇವಿಯ ವೈರಿಗಳೇ. ಒಬ್ಬನ ಮುಖದ ಮೇಲೆ ಚಿಟ್ಟಿಯಿದೆ, ಇನ್ನೊಬ್ಬನ ಮುಖದ ಮೇಲೆ ಇಲ್ಲ.

೩. ಕಥೆಯೊಳಗಿನ ಉತ್ತರಗಳು

ಇಂತಹ ವ್ಯತ್ಯಾಸವನ್ನು ಪಳಗಿದ ಪ್ರೇಕ್ಷಕನು ಪ್ರಶ್ನಿಸದೆ ಬಿಡುವುದಿಲ್ಲ. ಉತ್ತರವನ್ನು ಮೊದಲು ಕಥೆಯೊಳಗೇ ಹುಡುಕುತ್ತಾನೆ. ಈ ಉತ್ತರಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಗುಣಮೂಲದ ವಿವರಣೆ. ರೂಪವು ಕುಲವನ್ನು ಸೂಚಿಸುವುದಿಲ್ಲ, ಗುಣವನ್ನು ಸೂಚಿಸುತ್ತದೆ ಎಂಬುದು ಇದರ ತಿರುಳು. ವಿಭೀಷಣನು ಸಾತ್ತ್ವಿಕ, ಪ್ರಹ್ಲಾದನು ಹರಿಭಕ್ತ. ಆದ್ದರಿಂದ ಅವರಿಗೆ ಬಣ್ಣವಿಲ್ಲ. ಈ ನಿಯಮಕ್ಕೆ ಪೋಷಕವಾದ ಬಲವಾದ ನಿದರ್ಶನ ರುದ್ರಭೀಮ. ಭೀಮಸೇನನು ಮನುಷ್ಯ, ಪಾಂಡವರಲ್ಲಿ ಒಬ್ಬ. ಆದರೆ ದುಶ್ಶಾಸನನ ಎದೆಯನ್ನು ಬಗೆಯುವ ಹೊತ್ತಿಗೆ ಅವನು ಬಣ್ಣದ ವೇಷವಾಗಿ ರಂಗಕ್ಕೆ ಬರುತ್ತಾನೆ. ಕುಲವೇ ಬಣ್ಣಕ್ಕೆ ಕಾರಣವಾಗಿದ್ದರೆ ಭೀಮನಿಗೆ ಬಣ್ಣ ಬರಬಾರದಿತ್ತು, ವಿಭೀಷಣನಿಗೆ ತಪ್ಪಬಾರದಿತ್ತು. ನೆರೆಯ ಕಥಕಳಿಯಲ್ಲಿಯೂ ಇದೇ ತರ್ಕವಿದೆ: ರಾಕ್ಷಸನಾದ ರಾವಣನಿಗೂ ಮನುಷ್ಯನಾದ ದುರ್ಯೋಧನನಿಗೂ ಅಲ್ಲಿ ‘ಕತ್ತಿ’ ವೇಷವೇ ಸಲ್ಲುತ್ತದೆ.

ಎರಡನೆಯದು ಜನ್ಮಮೂಲದ ವಿವರಣೆ. ರಾವಣನು ವಿಶ್ರವಸು ಮುನಿಯ ಮಗ, ಪುಲಸ್ತ್ಯನ ಮೊಮ್ಮಗ. ತಾಯಿ ಕೈಕಸಿ ರಾಕ್ಷಸಕುಲದವಳು. ಆದ್ದರಿಂದ ಅವನಲ್ಲಿ ಘೋರತೆಯೂ ಇದೆ, ಘನತೆಯೂ ಇದೆ. ರಾಜಬಣ್ಣದ ಒಡ್ಡೋಲಗದಲ್ಲಿ ಬರುವ ಶಿವಪೂಜೆಯ ಅಭಿನಯವನ್ನು ಪ್ರೇಕ್ಷಕರು ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳುತ್ತಾರೆ. ಕಾಟುಬಣ್ಣಕ್ಕೆ ಈ ಸಂಸ್ಕಾರವಿಲ್ಲ. ಮಹಿಷಾಸುರನ ಕೊಂಬುಗಳಿಗೂ ಪ್ರಸಂಗದಲ್ಲೇ ಜನ್ಮಕಾರಣವಿದೆ: ಮಾಲಿನಿಗೆ ಮಹಿಷರೂಪದ ಮಗ ಹುಟ್ಟುವ ಕಥಾಭಾಗವು ರಂಗದಲ್ಲಿ ಅವನು ಕಾಣಿಸಿಕೊಳ್ಳುವುದಕ್ಕೆ ಮೊದಲೇ ಬರುತ್ತದೆ. ವೇಷದ ವಿವರಣೆ ವೇಷಕ್ಕಿಂತ ಮೊದಲು ಬಂದುಬಿಡುವ ಉದಾಹರಣೆ ಇದು.

ಮೂರನೆಯದು ಮಾಯಾಮೂಲದ ವಿವರಣೆ. ರಾಕ್ಷಸರು ಕಾಮರೂಪಿಗಳು, ಬಯಸಿದ ರೂಪವನ್ನು ತಾಳಬಲ್ಲವರು. ಮಾಯಾ ಶೂರ್ಪನಖಿ, ಮಾಯಾ ಹಿಡಿಂಬೆಯರ ಚೆಲುವಿಗೆ ಬೇರೆ ಸಮರ್ಥನೆ ಬೇಕಿಲ್ಲ. ಈ ವಿವರಣೆ ಎಲ್ಲ ವ್ಯತ್ಯಾಸಗಳನ್ನೂ ಒಂದೇ ಮಾತಿನಲ್ಲಿ ಮುಗಿಸಬಲ್ಲದು. ಹಾಗಿದ್ದರೂ ಅನುಭವಿ ಪ್ರೇಕ್ಷಕರು ಇದನ್ನು ಎಲ್ಲೆಡೆ ಬಳಸುವುದಿಲ್ಲ. ಕಥೆಯಲ್ಲಿ ವಂಚನೆ ಅಥವಾ ಪ್ರಣಯದ ಸಂದರ್ಭವಿದ್ದಾಗ ಮಾತ್ರ ಮಾಯೆಯ ಮಾತು ಬರುತ್ತದೆ. ವಿಭೀಷಣನ ಸೌಮ್ಯರೂಪವನ್ನು ಮಾಯೆಯೆಂದು ಹೇಳಿದರೆ ಅವನ ಭಕ್ತಿಯೂ ಕಪಟವಾದೀತು. ಅಂದರೆ ವಿವರಣೆಗೂ ಔಚಿತ್ಯದ ಕಟ್ಟುಪಾಡು ಇದೆ.

ನಾಲ್ಕನೆಯದು ಶಾಪಮೂಲದ ವಿವರಣೆ. ಸನಕಾದಿ ಮುನಿಗಳ ಶಾಪಕ್ಕೆ ಗುರಿಯಾದ ಜಯವಿಜಯರು ಮೊದಲ ಜನ್ಮದಲ್ಲಿ ಹಿರಣ್ಯಾಕ್ಷ–ಹಿರಣ್ಯಕಶಿಪುಗಳಾಗಿ, ಎರಡನೆಯ ಜನ್ಮದಲ್ಲಿ ರಾವಣ–ಕುಂಭಕರ್ಣರಾಗಿ, ಮೂರನೆಯ ಜನ್ಮದಲ್ಲಿ ಶಿಶುಪಾಲ–ದಂತವಕ್ತ್ರರಾಗಿ ಹುಟ್ಟುತ್ತಾರೆ. ಜೀವಗಳು ಅವೇ, ರೂಪಗಳು ಬೇರೆ. ಶಾಪದ ಭಾರ ಇಳಿಯುತ್ತ ಬಂದಂತೆ ರಾಕ್ಷಸತ್ವವೂ ಇಳಿಯುತ್ತ ಬರುತ್ತದೆ, ಕೊನೆಯ ಜನ್ಮದಲ್ಲಿ ಅವರು ಮನುಷ್ಯರಾಜರಾಗಿಯೇ ಕಾಣಿಸಿಕೊಳ್ಳುತ್ತಾರೆ ಎಂಬುದು ಈ ವಿವರಣೆಯ ನಡೆ. ಬೇರೆಬೇರೆ ಪ್ರಸಂಗಗಳನ್ನು, ಬೇರೆಬೇರೆ ಯುಗಗಳನ್ನು ಒಂದೇ ಎಳೆಯಲ್ಲಿ ಪೋಣಿಸುವ ಶಕ್ತಿ ಇದಕ್ಕಿದೆ.

ಇಂತಹ ವಿವರಣೆಗಳಿಗೆ ಸಹಜವಾದ ನೆಲ ತುಳುನಾಡಿನಲ್ಲಿ ಮೊದಲೇ ಇತ್ತು ಎಂಬುದನ್ನು ಗಮನಿಸಬೇಕು. ಪಂಜುರ್ಲಿ ದೈವವು ವರ್ತೆ ಪಂಜುರ್ಲಿ, ಕುಪ್ಪೆಟ್ಟು ಪಂಜುರ್ಲಿ, ಅಣ್ಣಪ್ಪ ಪಂಜುರ್ಲಿ ಎಂದು ಹಲವು ಹೆಸರುಗಳಲ್ಲಿ ಆರಾಧನೆಗೊಳ್ಳುತ್ತದೆ. ದೈವವು ಇಲ್ಲಿಗೆ ಹೇಗೆ ಬಂತು, ಇಲ್ಲಿ ಈ ಹೆಸರನ್ನೂ ಈ ನೆಲೆಯನ್ನೂ ಏಕೆ ಪಡೆಯಿತು ಎಂಬುದನ್ನು ಪಾಡ್ದನಗಳು ಹೇಳುತ್ತವೆ. ಒಂದು ಶಕ್ತಿ ಹಲವು ನೆಲೆಗಳಲ್ಲಿ ಬೇರೆಯಾಗಿ ತೋರುವುದನ್ನು ದೋಷವೆಂದು ಕಾಣದೆ, ಅದಕ್ಕೊಂದು ಕಥೆಯನ್ನು ಕೇಳುವ ಮನೋಧರ್ಮ ಇಲ್ಲಿನವರದು. ಅದೇ ಮನೋಧರ್ಮವನ್ನು ಅವರು ಆಟದ ಕಳಕ್ಕೂ ಒಯ್ಯುತ್ತಾರೆ.

೪. ಕಥೆಯ ಹೊರಗಿನ ಕಾರಣಗಳು

ಸಂಶೋಧಕನಿಗೆ ಇದೇ ವ್ಯತ್ಯಾಸಗಳ ಹಿಂದೆ ಬೇರೆ ಕಾರಣಗಳು ಕಾಣುತ್ತವೆ. ಮೊದಲನೆಯದು ಬೆಳಕು. ದೀವಟಿಗೆಯ ಅಲುಗಾಡುವ ಬೆಳಕಿನಲ್ಲಿ ಚಿಟ್ಟಿಯ ಮುಳ್ಳುಗಳು ನೆರಳು ಚೆಲ್ಲಿ ಮುಖವನ್ನು ಉಬ್ಬಿಸುತ್ತವೆ. ಪೆಟ್ರೋಮ್ಯಾಕ್ಸ್, ಅನಂತರ ವಿದ್ಯುದ್ದೀಪಗಳು ಬಂದ ಮೇಲೆ ಸಮನಾದ ಬೆಳಕಿನಲ್ಲಿ ಆ ನೆರಳಿನಾಟ ಕುಗ್ಗಿತು, ವರ್ಣಗಳ ಹೊಳಪು ಮೇಲುಗೈ ಪಡೆಯಿತು.

ಎರಡನೆಯದು ನಾಟಕರಂಗದ ಪ್ರಭಾವ. ಕಂಪೆನಿ ನಾಟಕಗಳ ಉಡುಗೆತೊಡುಗೆ ಯಕ್ಷಗಾನವನ್ನು ಪ್ರವೇಶಿಸಿತು; ತೆಂಕಿನಲ್ಲಿ ‘ನಾಟಕೀಯ ವೇಷ’ವೆಂಬ ಪ್ರಭೇದವೇ ಏರ್ಪಟ್ಟಿತು. ಮಾತುಗಾರಿಕೆಯಲ್ಲಿ ಪ್ರಬಲರಾದ ಇದಿರುವೇಷಧಾರಿಗಳಿಗೆ ಮುಖಭಾವ ಕಾಣುವಂತಹ ವೇಷ ಅನುಕೂಲ. ಚಿಟ್ಟಿ ತುಂಬಿದ ಮುಖದಲ್ಲಿ ಸೂಕ್ಷ್ಮ ಭಾವಾಭಿನಯಕ್ಕೆ ಎಡೆ ಕಡಿಮೆ. ಪಾತ್ರವು ಬಣ್ಣದ ವೇಷಧಾರಿಯ ಕೈಯಿಂದ ಇದಿರುವೇಷಧಾರಿಯ ಕೈಗೆ ಬಂದಾಗ ಅದರ ಮುಖವೂ ಬದಲಾಯಿತು.

ಮೂರನೆಯದು ಮೇಳದ ಆರ್ಥಿಕತೆ ಮತ್ತು ಕಾಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡೇರೆ ಮೇಳಗಳೂ ತುಳು ಪ್ರಸಂಗಗಳೂ ಜನಪ್ರಿಯವಾದವು. ತುಳುನಾಡಿನ ವೀರರ, ಅರಸರ ಕಥೆಗಳಲ್ಲಿ ಚಿಟ್ಟಿಯ ರಕ್ಕಸನಿಗೆ ಹೆಚ್ಚು ಅವಕಾಶವಿರಲಿಲ್ಲ. ಈಚಿನ ಕಾಲಮಿತಿ ಪ್ರದರ್ಶನಗಳಲ್ಲಿ ಇಡೀ ಇರುಳಿನ ಆಟ ಕೆಲವೇ ಗಂಟೆಗಳಿಗೆ ಇಳಿದಿದೆ. ಬಣ್ಣದ ವೇಷದ ತೆರೆಕುಣಿತ, ವಿಸ್ತಾರವಾದ ಒಡ್ಡೋಲಗಗಳು ಸಹಜವಾಗಿಯೇ ಮೊಟಕಾಗುತ್ತವೆ.

ಈ ಕಾರಣಗಳನ್ನು ಕಲಾಭಿಮಾನಿಗಳು ಅರಿಯದವರೆಂದು ಭಾವಿಸಬಾರದು. ಬೆಳಕಿನ ಬಗೆಗೂ ಮೇಳದ ಖರ್ಚಿನ ಬಗೆಗೂ ಅವರು ಬಲ್ಲರು, ಮಾತನಾಡುತ್ತಾರೆ. ರಾವಣನ ರೂಪಕ್ಕೆ ಮೇಳದ ಅನುಕೂಲವನ್ನೂ ಕೈಕಸಿಯ ಕಥೆಯನ್ನೂ ಅದೇ ವ್ಯಕ್ತಿ ಒಂದರ ಬಳಿಕ ಒಂದರಂತೆ ಹೇಳಬಲ್ಲನು. ಒಂದು ಉತ್ತರ ಚೌಕಿಗೆ ಸೇರಿದ್ದು, ಇನ್ನೊಂದು ರಂಗಸ್ಥಳಕ್ಕೆ ಸೇರಿದ್ದು. ಎರಡೂ ಅವನಿಗೆ ನಿಜ.

೫. ಬೇರೆಡೆಯ ಒಂದು ಸಾದೃಶ್ಯ

ಈ ಪ್ರವೃತ್ತಿ ಪುರಾಣಪ್ರಸಂಗಗಳಿಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಲ್ಪನೆಯ ಕಥಾಮಾಲೆ ೧೯೬೬ರಲ್ಲಿ ದೂರದರ್ಶನ ಸರಣಿಯಾಗಿ ಆರಂಭವಾಯಿತು. ಅದರಲ್ಲಿ ಕ್ಲಿಂಗನ್ ಎಂಬ ಅನ್ಯಗ್ರಹದ ಕುಲವೊಂದು ೧೯೬೭ರಲ್ಲಿ ಮೊದಲು ಕಾಣಿಸಿಕೊಂಡಿತು. ಆಗ ಅವರು ಬಹುಮಟ್ಟಿಗೆ ಮನುಷ್ಯರಂತೆಯೇ ಇದ್ದರು. ೧೯೭೯ರ ಚಲನಚಿತ್ರದಲ್ಲಿ ಅದೇ ಕುಲದವರ ಹಣೆಯ ಮೇಲೆ ಮೂಳೆಯ ಏಣುಗಳು ಮೂಡಿದ್ದವು. ಚಲನಚಿತ್ರಕ್ಕೆ ದೊರೆತ ಹೆಚ್ಚಿನ ಹಣ ಮತ್ತು ಪ್ರಸಾಧನದ ಅನುಕೂಲ ಇದಕ್ಕೆ ಹೊರಗಿನ ಕಾರಣ. ಅಭಿಮಾನಿಗಳಿಗೆ ಅಷ್ಟು ಸಾಲಲಿಲ್ಲ. ಬೇರೆ ಬುಡಕಟ್ಟಿನವರಿರಬಹುದು, ಮನುಷ್ಯರೊಡನೆ ಬೆರೆತ ಸಂಕರ ತಳಿಯಿರಬಹುದು, ರೋಗವಿರಬಹುದು ಎಂಬಂತಹ ಊಹೆಗಳು ಅವರ ನಡುವೆ ಬೆಳೆದವು. ೧೯೯೬ರ ಒಂದು ಕಂತಿನಲ್ಲಿ, ತಮ್ಮವರು ಈ ವಿಷಯವನ್ನು ಹೊರಗಿನವರೊಡನೆ ಚರ್ಚಿಸುವುದಿಲ್ಲವೆಂಬ ಅರ್ಥದ ಮಾತನ್ನು ಕ್ಲಿಂಗನ್ ಪಾತ್ರವೊಂದರ ಬಾಯಲ್ಲಿ ಹೇಳಿಸಿ ಪ್ರಶ್ನೆಯನ್ನು ವಿನೋದದಲ್ಲಿ ತೇಲಿಸಲಾಯಿತು. ಕೊನೆಗೆ ೨೦೦೫ರಲ್ಲಿ ಎರಡು ಕಂತುಗಳ ಕಥೆಯೊಂದು, ವಂಶವಾಹಿಗಳ ಪ್ರಯೋಗ ಮತ್ತು ಅದರಿಂದ ಹಬ್ಬಿದ ಸೋಂಕಿನಿಂದ ಅವರ ಹಣೆಯ ಏಣುಗಳು ಅಳಿದವೆಂದು ವಿವರಿಸಿತು. ೨೦೧೭ರ ಸರಣಿಯಲ್ಲಿ ಅವರ ರೂಪ ಮತ್ತೊಮ್ಮೆ ಬದಲಾದಾಗ ಚರ್ಚೆ ಮತ್ತೆ ಆರಂಭವಾಯಿತು.

ಶಾಪದ ಎಡೆಯಲ್ಲಿ ಸೋಂಕು, ಜನ್ಮಾಂತರದ ಎಡೆಯಲ್ಲಿ ವಂಶವಾಹಿ. ಬಳಸುವ ಸಾಮಗ್ರಿ ಬೇರೆ, ಮನಸ್ಸಿನ ನಡೆ ಒಂದೇ. ಆದರೆ ಒಂದು ವ್ಯತ್ಯಾಸ ಮುಖ್ಯವಾದುದು. ಅಲ್ಲಿ ಕಥೆಯ ಒಡೆತನ ಒಂದು ಸಂಸ್ಥೆಯದು. ಅಭಿಮಾನಿಯ ಊಹೆಗೆ ಅಧಿಕೃತ ಮುದ್ರೆ ಬೀಳಬೇಕಾದರೆ ಆ ಸಂಸ್ಥೆ ಹೊಸ ಕಂತನ್ನು ತಯಾರಿಸಬೇಕು. ಯಕ್ಷಗಾನದಲ್ಲಿ ಅಂತಹ ಒಡೆಯನಿಲ್ಲ. ಪ್ರಸಂಗದ ಪದ್ಯಗಳು ನಿಶ್ಚಿತವಾಗಿದ್ದರೂ ಅರ್ಥಗಾರಿಕೆ ಆಶುವಾದುದು. ಪ್ರೇಕ್ಷಕರ ನಡುವೆ ಸುಳಿದಾಡುವ ವಿವರಣೆಯು ನಾಳಿನ ಕೂಟದಲ್ಲಿ ಅರ್ಥಧಾರಿಯ ಮಾತಾಗಿ ರಂಗಕ್ಕೇ ಬರಬಹುದು. ಅರ್ಥಧಾರಿ ಹೊಸದಾಗಿ ಹೊಳೆಯಿಸಿದ ಸಮರ್ಥನೆ ನಾಡಿದ್ದು ಪ್ರೇಕ್ಷಕರ ಮಾತಾಗಬಹುದು. ವೇಷವೇ ಇಲ್ಲದ ತಾಳಮದ್ದಳೆಯಲ್ಲಿ ಪಾತ್ರದ ರೂಪವು ಪೂರ್ಣವಾಗಿ ಮಾತಿನಿಂದಲೇ ಕಟ್ಟಿಕೊಳ್ಳಬೇಕಾದುದು. ರಾವಣನಂತಹ ಪಾತ್ರಗಳ ಒಳತರ್ಕವನ್ನು ಬೆಳಗಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ (೧೯೧೮–೨೦೦೬) ಅರ್ಥವನ್ನು ಕೇಳಿ ಬೆಳೆದ ಪ್ರೇಕ್ಷಕನು ವೇಷವನ್ನೂ ಆ ತರ್ಕದ ಮೂಲಕವೇ ನೋಡುತ್ತಾನೆ.

೬. ವಿವರಣೆ ತಡವರಿಸುವ ಎಡೆ

ಕಥೆಯೊಳಗಿನ ವಿವರಣೆಗಳು ಎಲ್ಲೆಡೆಯೂ ಸಮನಾಗಿ ಸಲ್ಲುವುದಿಲ್ಲ. ಸಂಶೋಧಕನಿಗೆ ಅತ್ಯಂತ ಉಪಯುಕ್ತವಾದ ಎಡೆ ಇದೇ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

ಜಯವಿಜಯರ ಮೂರು ಜನ್ಮಗಳ ವಿವರಣೆಯನ್ನು ಮತ್ತೊಮ್ಮೆ ನೋಡಬಹುದು. ರಾಕ್ಷಸತ್ವವು ಜನ್ಮದಿಂದ ಜನ್ಮಕ್ಕೆ ಇಳಿಯುತ್ತ ಬರುವುದಾದರೆ ಮೊದಲ ಜನ್ಮದ ಹಿರಣ್ಯಕಶಿಪುವು ರಾವಣನಿಗಿಂತಲೂ ಭೀಕರನಾಗಿ ಕಾಣಬೇಕು. ಇಂದಿನ ಅನೇಕ ಪ್ರದರ್ಶನಗಳಲ್ಲಿ ಆಗುವುದು ಇದಕ್ಕೆ ವಿರುದ್ಧ. ಹಿರಣ್ಯಕಶಿಪು ನಾಟಕೀಯ ವೇಷದಲ್ಲಿ, ಮೀಸೆಹೊತ್ತ ಅರಸನಂತೆ ಬರುತ್ತಾನೆ. ಬಣ್ಣದ ವೇಷದ ರಾವಣನು ಅವನಿಗಿಂತ ಘೋರನಾಗಿ ಕಾಣುತ್ತಾನೆ. ಇಲ್ಲಿ ಶಾಪಮೂಲದ ವಿವರಣೆ ತಡವರಿಸುತ್ತದೆ. ರಕ್ತಬೀಜನ ವಿಷಯದಲ್ಲಿಯೂ ಹೀಗೆಯೇ. ಮಹಿಷಾಸುರನಿಗಿಲ್ಲದ ಯಾವ ಸಾತ್ತ್ವಿಕತೆ, ಯಾವ ಕುಲೀನತೆ ಅವನಿಗಿದೆ ಎಂದು ಕೇಳಿದರೆ ಗುಣಮೂಲದ, ಜನ್ಮಮೂಲದ ವಿವರಣೆಗಳು ಒತ್ತಾಯದವಾಗಿ ಕೇಳಿಸುತ್ತವೆ.

ವಿಭೀಷಣ, ರುದ್ರಭೀಮ, ಶೂರ್ಪನಖಿಯರ ವಿಷಯದಲ್ಲಿ ಇಂತಹ ತೊಡಕಿಲ್ಲ. ಅಲ್ಲಿ ರೂಪ ಮತ್ತು ವಿವರಣೆ ಒಂದಕ್ಕೊಂದು ಹೊಂದಿಕೊಂಡು ಕುಳಿತಿವೆ. ಇದರಿಂದ ಒಂದು ತೀರ್ಮಾನಕ್ಕೆ ಬರಬಹುದು: ವಿವರಣೆ ಸಲೀಸಾಗಿ ಹರಿಯುವಲ್ಲಿ ವೇಷವು ಪರಂಪರೆಯ ಒಳವ್ಯಾಕರಣಕ್ಕೆ ಬದ್ಧವಾಗಿದೆ, ವಿವರಣೆ ಎಡವುವಲ್ಲಿ ಹೊರಗಿನ ಇತಿಹಾಸದ ಪದರವೊಂದು ಬಂದು ಕೂಡಿಕೊಂಡಿದೆ. ಹಿರಣ್ಯಕಶಿಪು, ರಕ್ತಬೀಜರ ವಿಷಯದಲ್ಲಿ ಆ ಪದರ ನಾಟಕರಂಗದ್ದು ಎಂಬುದು ವೇಷದ ಹೆಸರಿನಿಂದಲೇ ತಿಳಿಯುತ್ತದೆ. ಹೆಸರಿನಲ್ಲಿ ಸುಳಿವಿಲ್ಲದ ವೇಷಗಳ ವಿಷಯದಲ್ಲಿ ಪ್ರೇಕ್ಷಕ ವಿವರಣೆಯ ತಡವರಿಕೆಯು ಸಂಶೋಧಕನಿಗೆ ಒಂದು ಸೂಚಕವಾಗಬಲ್ಲದು. ಹಳೆಯ ಛಾಯಾಚಿತ್ರಗಳು ವಿರಳವಾದ, ಲಿಖಿತ ದಾಖಲೆಗಳು ತೆಳುವಾದ ಕಲೆಗೆ ಇದು ಸಣ್ಣ ಲಾಭವಲ್ಲ.

ಈ ದೃಷ್ಟಿಯಿಂದ ಪ್ರೇಕ್ಷಕ ವಿವರಣೆಯನ್ನು ಇತಿಹಾಸದ ಎದುರಾಳಿಯಾಗಿ ನಿಲ್ಲಿಸುವುದು ಸರಿಯಲ್ಲ. ಪುರಾಣದ ಕಾರಣವನ್ನು ಹೇಳುವವನನ್ನು ಮುಗ್ಧನೆಂದು ಕರೆದು, ಬೆಳಕು–ಖರ್ಚುಗಳ ಕಾರಣವನ್ನು ಹೇಳುವವನನ್ನು ವಿವೇಕಿಯೆಂದು ಕರೆಯುವ ವಿದ್ವತ್ತು ಈ ಸಾಮಗ್ರಿಯ ಅರ್ಧವನ್ನು ಕೈಬಿಡುತ್ತದೆ. ಮೊದಲನೆಯವನು ವೇಷದ ನಿಯಮವನ್ನು ಕಾಯುತ್ತಿದ್ದಾನೆ. ಯಾವ ಪಾತ್ರಕ್ಕೆ ಯಾವ ಮುಖ ಸಲ್ಲುತ್ತದೆ, ಯಾವುದು ಸಲ್ಲದು ಎಂದು ಹೇಳುವ ಅಧಿಕಾರವನ್ನು ಅವನು ಆ ವಿವರಣೆಯಿಂದಲೇ ಪಡೆಯುತ್ತಾನೆ.

೭. ಉಪಸಂಹಾರ

ಬಣ್ಣದ ವೇಷದ ದಾಖಲಾತಿ ಇಂದು ತಾಂತ್ರಿಕವಾಗಿ ಸುಲಭವಾಗಿದೆ. ಚಿಟ್ಟಿಯ ಪ್ರತಿಯೊಂದು ಮುಳ್ಳನ್ನೂ ಚಿತ್ರೀಕರಿಸಿ ಇಡಬಹುದು. ಆದರೆ ಕ್ಯಾಮೆರಾ ವೇಷವನ್ನು ಉಳಿಸಿಕೊಡುತ್ತದೆ, ವೇಷದ ಕಾರಣವನ್ನು ಉಳಿಸಿಕೊಡುವುದಿಲ್ಲ. ಕಾರಣವು ಆಟ ನೋಡುತ್ತ ಪಕ್ಕದಲ್ಲಿ ಕುಳಿತ ಹಿರಿಯನು ಕಿರಿಯನಿಗೆ ಹೇಳುವ ಮಾತಿನಲ್ಲಿದೆ, ಚೌಕಿಯಲ್ಲಿ ಬಣ್ಣ ಬರೆಯುವವನು ಶಿಷ್ಯನಿಗೆ ಹೇಳುವ ಮಾತಿನಲ್ಲಿದೆ. ಇಡೀ ಇರುಳಿನ ಆಟ ಕಿರಿದಾದಂತೆ ಈ ಮಾತುಗಳಿಗೆ ದೊರೆಯುತ್ತಿದ್ದ ಬಿಡುವೂ ಕಿರಿದಾಗುತ್ತಿದೆ. ಕಾರಣ ಮರೆತ ಮೇಲೆ ರಾಜಬಣ್ಣಕ್ಕೂ ಕಾಟುಬಣ್ಣಕ್ಕೂ ಇರುವ ಭೇದ ಕೇವಲ ಅಲಂಕಾರದ ಭೇದವಾಗಿ ಉಳಿಯುತ್ತದೆ. ಅಲಂಕಾರವನ್ನು ಯಾರು ಹೇಗೆ ಬೇಕಾದರೂ ಬದಲಿಸಬಹುದು. ಅದನ್ನು ಪ್ರಶ್ನಿಸುವ ಭಾಷೆ ಪ್ರೇಕ್ಷಕನ ಬಳಿ ಇರುವುದಿಲ್ಲ.

ಆದುದರಿಂದ ಯಕ್ಷಗಾನದ ಕ್ಷೇತ್ರಕಾರ್ಯದಲ್ಲಿ ಪ್ರೇಕ್ಷಕ ವಿವರಣೆಯನ್ನು ಸ್ವತಂತ್ರ ಸಾಮಗ್ರಿಯಾಗಿ ಸಂಗ್ರಹಿಸಬೇಕಾಗಿದೆ. ಪ್ರಸಂಗದ ಹೆಸರು, ಪಾತ್ರ, ವೇಷದ ಪ್ರಭೇದ, ಹೇಳಿದವರ ಭಾಷೆ ಮತ್ತು ಪ್ರಾಯ, ಹೇಳಿದ ಕಾರಣ ಇವಿಷ್ಟನ್ನು ಒಂದೆಡೆ ಬರೆದಿಟ್ಟರೂ ಸಾಕು. ಹಲವು ಊರುಗಳ ಸಂಗ್ರಹವನ್ನು ಹೋಲಿಸಿದಾಗ ಯಾವ ವಿವರಣೆ ವ್ಯಾಪಕವಾದುದು, ಯಾವುದು ಸ್ಥಳೀಯವಾದುದು, ಯಾವುದು ಎಲ್ಲಿ ತಡವರಿಸುತ್ತದೆ ಎಂಬುದು ತಾನಾಗಿ ಗೋಚರಿಸುತ್ತದೆ. ಕನ್ನಡ, ತುಳು, ಮಲಯಾಳ ಭಾಷೆಗಳೂ ಯಕ್ಷಗಾನ, ಕಥಕಳಿ, ಭೂತಾರಾಧನೆಗಳ ದೃಶ್ಯಪರಂಪರೆಗಳೂ ಒಂದನ್ನೊಂದು ತಾಗುವ ಕಬಕ, ವಿಟ್ಲ, ಸುಳ್ಯ, ಕಾಸರಗೋಡು ವಲಯವು ಇಂತಹ ಸಂಗ್ರಹಕ್ಕೆ ಯೋಗ್ಯವಾದ ಕ್ಷೇತ್ರ. ವಿವರಿಸಬಲ್ಲ ಹಿರಿಯ ಪ್ರೇಕ್ಷಕರೂ ಹಿರಿಯ ವೇಷಧಾರಿಗಳೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ನಡೆಯಬೇಕು.